ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ ಭೂಮಿ

ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂಬುದರಲ್ಲಿ 1851ರ ಹೊತ್ತಿಗೆ ಪ್ಯಾರಿಸ್ಸಿನ ಪಂಡಿತರಿಗೆ ಸಂಶಯವೇನೂ ಇರಲಿಲ್ಲ. ಆದರೆ ಕೋಣೆಯ ಬಾಗಿಲು ಮುಚ್ಚಿ, ಆಕಾಶದ ಕಡೆ ತಲೆಯೆತ್ತದೆ, ಯಾರ ಕಣ್ಣಿಗೂ ಕಾಣುವಂತೆ ಅದನ್ನು ತೋರಿಸಿದವರಿರಲಿಲ್ಲ. ಲೋಲಕದ ಮೇಲೆ ಭೂಮಿಯ ತಿರುಗುವಿಕೆಯ ಪರಿಣಾಮ ಗಮನಕ್ಕೆ ಬಾರದಷ್ಟು ಅಲ್ಪ ಎಂದು ಗಣಿತಜ್ಞ ಪ್ವಾಸೊನ್ ಹೇಳಿಬಿಟ್ಟಿದ್ದ. ಅಂಥವನ ಮಾತಿನ ಮೇಲೆ ಇನ್ನೊಮ್ಮೆ ಲೆಕ್ಕ ಹಾಕುವ ಗೋಜಿಗೆ ಯಾರು ಹೋಗುತ್ತಾರೆ?

ಲೆಯೊನ್ ಫೂಕೊ ಲೆಕ್ಕ ಹಾಕುವ ಪೈಕಿಯಲ್ಲ. ರಕ್ತ ಕಂಡರೆ ಆಗದೆ ವೈದ್ಯಕೀಯ ಓದು ಬಿಟ್ಟಿದ್ದ. ಪತ್ರಿಕೆಗೆ ವಿಜ್ಞಾನದ ವರದಿ ಬರೆಯುತ್ತಿದ್ದ. ಗಣಿತ ಅಷ್ಟಕ್ಕಷ್ಟೇ, ಕೈಗಳು ಮಾತ್ರ ಬಲು ಚುರುಕು. ಒಮ್ಮೆ ಲೇತ್ ಯಂತ್ರಕ್ಕೆ ಉದ್ದನೆಯ ಉಕ್ಕಿನ ಸರಳು ಸಿಕ್ಕಿಸಿದ್ದಾಗ ಅದರ ತುದಿ ಅದುರತೊಡಗಿತು. ಯಂತ್ರ ತಿರುಗಿತು, ಸರಳೂ ತಿರುಗಿತು; ಅದುರಾಟ ಮಾತ್ರ ತನ್ನ ಹಳೆಯ ದಿಕ್ಕನ್ನು ಬಿಟ್ಟು ಕದಲಲಿಲ್ಲ. ಫೂಕೊನ ತಲೆಯಲ್ಲಿ ಲೇತ್ ಹೋಗಿ ಭೂಮಿ ಬಂದು ಕೂತಿತು.

ದಸಾಸ್ ಬೀದಿಯಲ್ಲಿ ತಾಯಿಯೊಡನೆ ವಾಸವಿದ್ದ ಮನೆಯ ನೆಲಮಾಳಿಗೆಯೇ ಪ್ರಯೋಗಶಾಲೆಯಾಯಿತು. 2 ಮೀಟರ್ ಉಕ್ಕಿನ ತಂತಿ, 5 ಕಿಲೋ ಹಿತ್ತಾಳೆ ಗುಂಡು; ಸಾಮಾನು ಇಷ್ಟೇ. ಜನವರಿ 3, ಶುಕ್ರವಾರ, ಗುಂಡನ್ನು ತೂಗಬಿಟ್ಟ. ತಂತಿ ಪಟ್ಟನೆ ಕಡಿಯಿತು.

ಹೊಸ ತಂತಿ ಕಟ್ಟಿದ. ತಂತಿಯ ಹಿಡಿತ ಎಲ್ಲ ದಿಕ್ಕಿಗೂ ಒಂದೇ ಸಮನಾಗಿರಬೇಕು, ಇಲ್ಲವಾದರೆ ಗುಂಡು ತನ್ನಷ್ಟಕ್ಕೇ ವಾಲುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಬಿಡುವ ಕೈಯದು: ಬೆರಳು ಕೂದಲೆಳೆಯಷ್ಟು ಅಡ್ಡ ತಾಗಿದರೂ ಓಲಾಟ ಅಂಡಾಕಾರಕ್ಕೆ ತಿರುಗಿ ಎಲ್ಲ ಕೆಡುತ್ತದೆ. ಹಾಗಾಗಿ ಅವನು ಗುಂಡನ್ನು ಪಕ್ಕಕ್ಕೆಳೆದು ನೂಲಿನಿಂದ ಗೋಡೆಗೆ ಬಿಗಿದ. ನಡುಕವೆಲ್ಲ ಅಡಗುವ ತನಕ ಕಾದ. ನೂಲಿಗೆ ಬೆಂಕಿ ತಾಗಿಸಿದ. ನೂಲು ಸುಟ್ಟು ಕಡಿಯಿತು, ಗುಂಡು ತಾನಾಗಿ ಹೊರಟಿತು. ಜನವರಿ 8ರ ನಸುಕಿನ 2 ಗಂಟೆಗೆ ಅವನು ಕಂಡದ್ದು: ಓಲಾಟದ ಗೆರೆ ಸರಿಯುತ್ತಿದೆ, ಅದೂ ನಕ್ಷತ್ರಗಳು ಆಕಾಶದಲ್ಲಿ ಸಾಗುವ ದಿಕ್ಕಿಗೇ.

ಮುಂದಿನದೆಲ್ಲ ಮೆರವಣಿಗೆ. ಫೆಬ್ರವರಿಯಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿ 11 ಮೀಟರ್ ತಂತಿ. ಭೂಮಿ ತಿರುಗುವುದನ್ನು ನೋಡಲು ಬನ್ನಿ ಎಂದು ವಿಜ್ಞಾನಿಗಳಿಗೆ ಆಹ್ವಾನ. ಮಾರ್ಚಿನಲ್ಲಿ, ಅಧ್ಯಕ್ಷ ಲೂಯಿ ನೆಪೋಲಿಯನ್ನನ ಒತ್ತಾಸೆಯಿಂದ, ಪಾಂತೆಯೊನ್ ಗುಮ್ಮಟದ ಕೆಳಗೆ 67 ಮೀಟರ್ ತಂತಿ, 28 ಕಿಲೋ ಗುಂಡು. ಗುಂಡಿನಡಿಯ ಮೊಳೆ ಪ್ರತಿ ಸಲ ಮರಳಿ ಬಂದಾಗಲೂ ಮರಳ ದಿಬ್ಬವನ್ನು ಎರಡು ಮಿಲಿಮೀಟರಿಗೂ ಮಿಗಿಲು ಆಚೆಗೆ ಗೀರುತ್ತಿತ್ತು. ಪ್ಯಾರಿಸ್ಸಿನ ಜನ ಮುಗಿಬಿದ್ದು ನೋಡಿದರು.

ಗುಟ್ಟು ಇಷ್ಟೇ. ಲೋಲಕವನ್ನು ಪಕ್ಕಕ್ಕೆ ತಿರುಗಿಸುವ ಬಲ ಯಾವುದೂ ಇಲ್ಲ. ಅದರಡಿಯ ನೆಲವೇ ತಿರುಗುತ್ತದೆ. ಧ್ರುವದಲ್ಲಿ ಒಂದು ಸುತ್ತಿಗೆ ಸುಮಾರು 24 ಗಂಟೆ, ಪ್ಯಾರಿಸ್ಸಿನಲ್ಲಿ ಹತ್ತಿರ ಹತ್ತಿರ 32, ಬೆಂಗಳೂರಿನ ಅಕ್ಷಾಂಶದಲ್ಲಾದರೆ ನಾಲ್ಕು ದಿನಕ್ಕೂ ಹೆಚ್ಚು. ಸಮಭಾಜಕದ ಮೇಲೆ ಗೆರೆ ಸರಿಯುವುದೇ ಇಲ್ಲ. ಸರಿಯುವ ವೇಗ ಅಕ್ಷಾಂಶದ ಸೈನ್ ಬೆಲೆಗೆ ತಕ್ಕಂತಿರುತ್ತದೆ ಎಂಬ ಸೂತ್ರವನ್ನೂ ಫೂಕೊನೇ ಕೊಟ್ಟ. ಅದಕ್ಕೆ ಸಾಧನೆ ಬರೆಯಲು ಗಣಿತಜ್ಞರು ಆಮೇಲೆ ಸಾಲುಗಟ್ಟಿದರು.