ನೀಳಕಾಯದಲ್ಲಿ ಅಡಗಿರುವ ವ್ಯಾಧಿ: ಮಾರ್ಫಾನ್ ಸಿಂಡ್ರೋಮ್

ಹುಟ್ಟಿನೊಡನೆ ಬಂದ ವ್ಯಾಧಿಯು ಬಾಲ್ಯದಲ್ಲಿಯೇ ಪ್ರಕಟವಾಗುವುದೆಂಬ ನಂಬಿಕೆ ನಮ್ಮಲ್ಲಿದೆ. ಅದು ಎಲ್ಲ ವ್ಯಾಧಿಗಳಿಗೂ ಸಲ್ಲದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1984ರ ಒಲಿಂಪಿಕ್ಸ್‌ನಲ್ಲಿ ರಜತ ಪದಕ ಪಡೆದ ತಂಡದವರು. ಆರಡಿ ಮೀರಿದ ನಿಲುವು. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯ ನಡೆದಿರುವಾಗಲೇ ಕುಸಿದು, 31ನೆಯ ವಯಸ್ಸಿನಲ್ಲಿ ನಿಧನರಾದರು. ಹೃದಯಾಘಾತವೆಂದು ಮೊದಲು ಭಾವಿಸಲಾಯಿತು. ಮರಣೋತ್ತರ ಪರೀಕ್ಷೆಯಲ್ಲಿ ಮಹಾಧಮನಿಯು ಸೀಳಿದ್ದು ಕಂಡಿತು. ಅದಕ್ಕೆ ಕಾರಣ ಮಾರ್ಫಾನ್ ಸಿಂಡ್ರೋಮ್. ಆ ಬಳಿಕ ಸಹೋದರನಲ್ಲಿಯೂ ಅದು ಪತ್ತೆಯಾಗಿ, ಶಸ್ತ್ರಚಿಕಿತ್ಸೆ ನಡೆಯಿತು.

ಸುಮಾರು 5,000 ಜನರಲ್ಲಿ ಒಬ್ಬರಿಗೆ ಬರುವ ಈ ವ್ಯಾಧಿಯಲ್ಲಿ ಜೀನ್ ದೋಷದಿಂದ ಫಿಬ್ರಿಲಿನ್ ಎಂಬ ಪ್ರೋಟೀನು ಕೆಡುತ್ತದೆ. ದೇಹದ ಕಟ್ಟುಗಳು ಸಡಿಲಗೊಳ್ಳುತ್ತವೆ. ನೀಳವಾದ ಕೈಕಾಲು, ತೆಳುಬೆರಳು, ಒಳಗೆ ಕುಸಿದ ಅಥವಾ ಮುಂದೆ ಉಬ್ಬಿದ ಎದೆ, ವಕ್ರವಾದ ಬೆನ್ನೆಲುಬು, ಎಳವೆಯಿಂದಲೇ ದಪ್ಪ ಕನ್ನಡಕ. ಕಣ್ಣಿಗೊಬ್ಬ ವೈದ್ಯ, ಬೆನ್ನಿಗೊಬ್ಬ ವೈದ್ಯ. ಎಲ್ಲವನ್ನೂ ಕೂಡಿಸಿ ನೋಡುವವರಿಲ್ಲ. ಮನೆಯವರೋ "ಅಜ್ಜನ ಮೈಕಟ್ಟು" ಎಂದು ಸುಮ್ಮನಾಗುತ್ತಾರೆ. ಒಳಗೆ ಧಮನಿಯು ನೋವಿಲ್ಲದೆ ಹಿಗ್ಗುತ್ತಿರುತ್ತದೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಪ್ರಮಾಣಪರೀಕ್ಷೆ ಉಕ್ತವಾಗಿದೆ. ಎತ್ತರವೂ ಚಾಚಿದ ತೋಳುಗಳ ಅಗಲವೂ ಸಮನಾಗಿರುವುದು ಸಮಶರೀರ. ಇಂದಿನ ವೈದ್ಯರೂ ಇದನ್ನೇ ಅಳೆಯುತ್ತಾರೆ: ತೋಳಗಲವು ಎತ್ತರದ 1.05 ಪಟ್ಟನ್ನು ಮೀರಿದರೆ, ಎಂದರೆ 170 ಸೆಂ.ಮೀ. ಎತ್ತರದವರಲ್ಲಿ 178.5ಕ್ಕಿಂತ ಹೆಚ್ಚಿದ್ದರೆ, ಅದೊಂದು ಸೂಚನೆ. ಇಷ್ಟಕ್ಕೇ ರೋಗವೆನ್ನಲಾಗದು, ಎತ್ತರದವರಲ್ಲಿ ಬಹುತೇಕರು ಆರೋಗ್ಯವಂತರೇ. ಆದರೆ ಮೇಲಿನ ಲಕ್ಷಣಗಳು ಎರಡು ಮೂರು ಕೂಡಿದ್ದರೆ, ಅಥವಾ ಕುಟುಂಬದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಹೃದಯದ ಎಕೋ ಹಾಗೂ ಕಣ್ಣಿನ ಮಸೂರದ ಪರೀಕ್ಷೆ ಅವಶ್ಯ.

ಸುಶ್ರುತನು ಶುಕ್ರಶೋಣಿತ ದೋಷದಿಂದ ಬರುವ ರೋಗಗಳನ್ನು ಆದಿಬಲಪ್ರವೃತ್ತವೆಂದನು. ಇದೂ ಆ ಬಗೆಯದು. ತಂದೆಗಿರಲಿ ತಾಯಿಗಿರಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಂದೆತಾಯಿಗಳಲ್ಲಿಲ್ಲದೆಯೂ ಹೊಸದಾಗಿ ಬರುತ್ತದೆ. ರಕ್ತಸಂಬಂಧದ ವಿವಾಹ ಇದಕ್ಕೆ ಕಾರಣವಲ್ಲ. ಸೊಸೆಯನ್ನು ದೂರುವುದಂತೂ ಅನ್ಯಾಯ. ಒಬ್ಬರಲ್ಲಿ ಪತ್ತೆಯಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷಿಸಿಕೊಳ್ಳಬೇಕು. ಗರ್ಭಧಾರಣೆಗೆ ಮುನ್ನ ಹೃದ್ರೋಗ ತಜ್ಞರ ಸಲಹೆ ಬೇಕೇ ಬೇಕು.

ಹಿಗ್ಗಿದ ಧಮನಿಯನ್ನು ಕುಗ್ಗಿಸುವ ಕಷಾಯವಾಗಲಿ ರಸಾಯನವಾಗಲಿ ಇಲ್ಲವೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ಹೃದ್ರೋಗ ತಜ್ಞರು ಕೊಡುವ ಮಾತ್ರೆಗಳು ಹಿಗ್ಗುವಿಕೆಯನ್ನು ನಿಧಾನಗೊಳಿಸುತ್ತವೆ. ಅವುಗಳನ್ನು ತಾವಾಗಿ ನಿಲ್ಲಿಸಬಾರದು. ಅಳತೆ 5 ಸೆಂ.ಮೀ. ಸಮೀಪಿಸಿದರೆ ಶಸ್ತ್ರಚಿಕಿತ್ಸೆ. ಭಾರ ಎತ್ತುವುದು, ಬಲವಂತದ ಕುಂಭಕ ವರ್ಜ್ಯ. ಪೂಜೆ, ಜಪ, ನಡಿಗೆಗೆ ಅಡ್ಡಿಯಿಲ್ಲ. ಎದೆಯಲ್ಲಿ ಅಥವಾ ಬೆನ್ನಿನಲ್ಲಿ ಒಮ್ಮೆಲೇ ಸೀಳಿದಂತಹ ನೋವು ಬಂದರೆ ವಾಯುವೆಂದು ಬಗೆದು ಓಮದ ನೀರು ಕುಡಿಯುತ್ತ ಕೂರದೆ, ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಡನೆಯೇ ಹೋಗಿ, ವ್ಯಾಧಿಯ ಹೆಸರನ್ನು ಮೊದಲೇ ತಿಳಿಸಬೇಕು.