ಕೆಲಸ ಹಂಚಿದರೆ ಕೋಡ್ ಹಗುರ

ವೆಬ್ ಆ್ಯಪ್ ಬರೆಯುವವರು ಮೊದಲು ಕಲಿಯಬೇಕಾದದ್ದು ಕೆಲಸ ಹಂಚುವುದನ್ನು. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ 'ಮಾಡೆಲ್–ವ್ಯೂ–ಕಂಟ್ರೋಲರ್' ವಿನ್ಯಾಸದ ತಿರುಳೂ ಅದೇ: ಮಾಹಿತಿ, ನಿಯಮಗಳು ಮಾಡೆಲ್‌ನಲ್ಲಿ; ಪರದೆಯ ನೋಟ ವ್ಯೂನಲ್ಲಿ; ಬಳಕೆದಾರರ ಕೋರಿಕೆ ನಿಭಾಯಿಸುವ ಹೊಣೆ ಕಂಟ್ರೋಲರ್‌ಗೆ. ಟಿಕೆಟ್ ಬುಕಿಂಗ್ ತಾಣವೊಂದರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಬದಲಾಯಿತೆನ್ನಿ. ಲೆಕ್ಕವೆಲ್ಲ ಮಾಡೆಲ್‌ನಲ್ಲೇ ಇದ್ದರೆ ಒಂದು ಕಡೆ ತಿದ್ದಿದರೆ ಸಾಕು. ಪುಟಪುಟದಲ್ಲೂ ಚದುರಿದ್ದರೆ, ಒಂದನ್ನು ಮರೆತರೂ ಹುಡುಕಾಟದ ಪುಟದಲ್ಲಿ ಒಂದು ದರ, ಹಣ ಕಟ್ಟುವಾಗ ಇನ್ನೊಂದು ದರ ಕಾಣುತ್ತದೆ.

ನಾಲ್ಕು ಪುಟದ ತಾಣಕ್ಕೆ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಮೂರು ಪದರ ಕಟ್ಟುವುದು ದಂಡ. ಆದರೆ ಲೆಕ್ಕವನ್ನೂ ನೋಟವನ್ನೂ ಬೇರೆ ಬೇರೆ ಫಂಕ್ಷನ್‌ಗಳಲ್ಲಿಡಲು ಹೆಚ್ಚಿನ ಶ್ರಮವೇನೂ ಬೇಕಿಲ್ಲ. ತಾಣ ಬೆಳೆದಾಗ ಅಷ್ಟು ಶಿಸ್ತೇ ತಿದ್ದುಪಡಿಯ ಕೆಲಸವನ್ನು ಅರ್ಧಕ್ಕರ್ಧ ಸುಲಭ ಮಾಡಿರುತ್ತದೆ.