ಡೇವಿ ಕ್ರಾಕೆಟ್ ಹಾಕಿದ ಆ ಒಂದು ವೋಟು

ತಲೆಗೆ ತುಪ್ಪಳದ ಟೋಪಿ, ಕೈಯಲ್ಲಿ ಬಂದೂಕು. ಡೇವಿ ಕ್ರಾಕೆಟ್ ಅಂದರೆ ಅಮೆರಿಕದವರ ಕಣ್ಮುಂದೆ ಬರುವ ಚಿತ್ರ ಇದು. ಈ ಬೇಟೆಗಾರ ಮೂರು ಅವಧಿಗೆ ಸಂಸದನೂ ಆಗಿದ್ದ ಗೊತ್ತಾ?

ಹುಟ್ಟಿದ್ದು 1786ರಲ್ಲಿ, ಇಂದಿನ ಟೆನೆಸ್ಸಿಯ ಬಡ ಕುಟುಂಬದಲ್ಲಿ. ಶಾಲೆಗೆ ಹೋದದ್ದು ಕೆಲವೇ ತಿಂಗಳು. 1813ರಲ್ಲಿ ಆಂಡ್ರ್ಯೂ ಜಾಕ್ಸನ್ ಸೈನ್ಯದಲ್ಲಿದ್ದು ಕ್ರೀಕ್ ಮೂಲನಿವಾಸಿಗಳ ವಿರುದ್ಧ ಕಾದಾಡಿದ. ಒಂದು ಹಳ್ಳಿಯಲ್ಲಿ ಸೈನಿಕರು ಜನರಿದ್ದ ಮನೆಗೇ ಬೆಂಕಿ ಇಟ್ಟರು. ಮಾರನೆಯ ದಿನ ಹಸಿವು ತಾಳಲಾರದೆ ಅದೇ ಮನೆಯ ನೆಲಮಾಳಿಗೆಯಲ್ಲಿದ್ದ ಆಲೂಗಡ್ಡೆ ತಿಂದರು. ಇದನ್ನು ಕ್ರಾಕೆಟ್ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಓದಿದರೆ ಕರುಳು ಹಿಂಡುತ್ತದೆ.

1827ರಲ್ಲಿ ಸಂಸತ್ತಿಗೆ ಗೆದ್ದ. 1830ರಲ್ಲಿ, ಆಗ ಅಧ್ಯಕ್ಷನಾಗಿದ್ದ ಅದೇ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆ ಅಟ್ಟುವ ಮಸೂದೆಗೆ ಪಟ್ಟು ಹಿಡಿದ. ಟೆನೆಸ್ಸಿಯ ಸಂಸದರಲ್ಲಿ ಅದರ ವಿರುದ್ಧ ವೋಟು ಹಾಕಿದವನು ಕ್ರಾಕೆಟ್ ಒಬ್ಬನೇ. ಮಸೂದೆ ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ಮರುವರ್ಷದ ಚುನಾವಣೆಯಲ್ಲಿ ಈತ ಸೋತ.

1833ರಲ್ಲಿ ಗೆದ್ದ, 1835ರಲ್ಲಿ ಮತ್ತೆ ಸೋತು ಟೆಕ್ಸಸ್‌ಗೆ ಹೊರಟ. 1836ರ ಮಾರ್ಚ್ 6ರಂದು ಅಲ್ಲಿನ ಅಲಮೋ ಕೋಟೆಯ ಕಾಳಗದಲ್ಲಿ ಪ್ರಾಣ ಬಿಟ್ಟ.

ಸಿನಿಮಾಗಳು ಅಲಮೋವನ್ನೇ ಕೊಂಡಾಡುತ್ತವೆ. ನನ್ನನ್ನು ಕೇಳಿದರೆ, ಆತನ ನಿಜವಾದ ಎದೆಗಾರಿಕೆ ಕಂಡದ್ದು 1830ರ ಆ ವೋಟಿನಲ್ಲಿ.